ಹಳೇ ಮನಿ ಕೊಳ್ಳುವ ಮುಂಚೆ

ಶಿರಗುಪ್ಪಿಯ ಅಕ್ಕತಂಗಿಯರೇ, ಹಳೇ ಓಣಿಗೆ ರಸ್ತೆ, ನಳ ಬಂದರೆ ಮನಿಗಳಿಗೆ ಬೆಲೆ ಬರುತ್ತದೆ. ಆದರೆ ಕೊಳ್ಳಲು ಅವಸರ ಬೇಡ.

ಮೊದಲು ಮನಿ ನೋಡಿರಿ. ತೊಲೆಗೆ ಗೆದ್ದಲು ಹತ್ತಿದೆಯೇ? ಗೋಡೆ ಬಿರಿದಿದೆಯೇ? ಮಾಳಗಿ ಸೋರುತ್ತದೆಯೇ?

ಆಮೇಲೆ ಕಾಗದ ನೋಡಿರಿ. ಪಂಚಾಯ್ತಿಯ ಇ-ಸ್ವತ್ತು ಉತಾರದಲ್ಲಿ ಯಾರ ಹೆಸರಿದೆ? ಅಳತೆ ಎಷ್ಟಿದೆ? ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ ಪಡೆಯಿರಿ. ನೋಂದಣಿಯಾದ ಸಾಲ, ಮಾರಾಟ ಅದರಲ್ಲಿ ಇರುತ್ತವೆ.

ಹಿರಿಯರಿಂದ ಬಂದ ಮನಿಯೇ? ಹಾಗಾದರೆ ಅಣ್ಣತಮ್ಮಂದಿರ ಸಹಿ ಸಾಲದು. 2005ರಲ್ಲಿ ಹಿಂದೂ ವಾರಸಾ ಕಾಯ್ದೆ ತಿದ್ದಿದರು. ಹಿರಿಯರ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಬಂತು. ಲಗ್ನವಾಗಿ ಹೋದ ಮಗಳ ಸಹಿಯೂ ಬೇಕು. ಇಲ್ಲದಿದ್ದರೆ ನಾಳೆ ಕೋರ್ಟಿಗೆ ಅಲೆಯಬೇಕಾದೀತು.

ಖರೀದಿ ಪತ್ರ ನೋಂದಣಿ ಮಾಡಿಸಿರಿ. ಅದರಲ್ಲಿ ನಿಮ್ಮ ಹೆಸರೂ ಇರಲಿ.

ನಿಮ್ಮ ತವರಿನಿಂದಲೂ ಸಹಿ ಕೇಳಿ ಕಾಗದ ಬಂದೀತು. ಹೆಬ್ಬೆಟ್ಟಿನ ಕಾಲ ಹೋಯಿತು. ಓದಿಯೇ ಸಹಿ ಮಾಡಿರಿ.