ಕೋಣೆಗೆ ಬಣ್ಣ: ಮೊದಲು ಕೊಳ್ಳತಕ್ಕ ಸಾಮಗ್ರಿಗಳು

ಮನೆಯ ಕೋಣೆಯೊಂದಕ್ಕೆ ನಾವೇ ಬಣ್ಣ ಬಳಿಯಲು ಹೊರಟಾಗ, ಅಂಗಡಿಯಲ್ಲಿ ಮೊದಲು ಬಣ್ಣದ ಡಬ್ಬವನ್ನೇ ಆರಿಸುವುದು ವಾಡಿಕೆ. ವಾಸ್ತವವಾಗಿ ಅದು ಕಟ್ಟಕಡೆಗೆ ಕೊಳ್ಳತಕ್ಕ ವಸ್ತು. ಧೂಳು, ತೇವ, ಸಡಿಲವಾದ ಹಳೆಯ ಪದರ ಇವುಗಳ ಮೇಲೆ ಎಂತಹ ಉತ್ತಮವಾದ ಬಣ್ಣವೂ ನಿಲ್ಲಲಾರದು.

ಆದುದರಿಂದ ಮೊದಲು ಬೇಕಾದುವು ಸಿದ್ಧತೆಯ ಸಾಮಗ್ರಿಗಳು: ಕೆರೆಯುವುದಕ್ಕೆ ಅಗಲವಾದ ಅಲಗು, ನೀರು ತಾಗಿದರೂ ಕೆಡದ ಉಪ್ಪುಕಾಗದ, ಬಿರುಕು ಮುಚ್ಚುವುದಕ್ಕೆ ಪುಟ್ಟಿ, ನೆಲಕ್ಕೆ ಹಾಸುವ ಹೊದಿಕೆ, ಸೂಕ್ಷ್ಮ ಧೂಳನ್ನು ತಡೆಯುವ ಮುಖಗವಸು, ಪ್ರೈಮರ್. ಬಳಿಯುವುದಕ್ಕಾದರೋ ಗೋಡೆಗೊಂದು ರೋಲರ್, ಮೂಲೆಗಳಿಗೆ 2 ಅಂಗುಲದ ಕುಂಚ ಸಾಕು.

ಉಪ್ಪುಕಾಗದಕ್ಕೆ ನೀರೇಕೆ ಎಂದು ಶ್ರೋತೃಗಳು ಕೇಳಬಹುದು. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸ ಬೆರೆತಿರುವ ಸಂಭವವುಂಟು. ಗೃಹೋಪಯೋಗಿ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದೆ ಬಣ್ಣ ಬಳಿದ ಬಾಗಿಲು ಕಿಟಕಿಗಳನ್ನು ಒಣದಾಗಿಯೇ ಉಜ್ಜಿದರೆ, ಸೀಸದ ಧೂಳು ನೆಲದ ಮೇಲೆ ಕುಳಿತು, ಅಲ್ಲಿ ಆಡುವ ಮಕ್ಕಳ ಕೈಯಿಂದ ಬಾಯಿಗೆ ಸೇರಿ, ಮಿದುಳಿನ ಬೆಳವಣಿಗೆಯನ್ನೇ ಕೆಡಿಸಬಲ್ಲುದು. ನೀರು ತಳಿದು ಉಜ್ಜಿ, ಒದ್ದೆಯ ಬಟ್ಟೆಯಿಂದ ಒರೆಸತಕ್ಕುದು. ಕೆಲಸ ಮುಗಿಯುವತನಕ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸತಕ್ಕುದು.

ಇನ್ನು ಬಣ್ಣದ ಪ್ರಮಾಣ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ನಾಲ್ಕು ಗೋಡೆಗಳು ಸೇರಿ 440 ಚದರಡಿ. ಬಾಗಿಲು ಕಿಟಕಿಗಳನ್ನು ಕಳೆದು, ಎರಡು ಲೇಪಗಳಿಗಾಗಿ ಇಮ್ಮಡಿಸಿ, ಒಂದು ಲೀಟರು ಎಷ್ಟು ಚದರಡಿಗೆ ಸಾಲುವುದೆಂದು ಡಬ್ಬದ ಮೇಲೆ ಅಚ್ಚಾಗಿರುವುದೋ ಅದರಿಂದ ಭಾಗಿಸಿದರೆ ಲೆಕ್ಕ ದೊರೆಯುವುದು. ಇಷ್ಟಾದ ಮೇಲೆ ಬಣ್ಣವನ್ನು ಆರಿಸುವ ಸಂತೋಷ ನಿಮ್ಮದು.