ಹತ್ತು ಗೆರೆಯೋ, ಹದಿನೈದೋ?

ಹತ್ತು ರೂಪಾಯಿಯ ನಾಣ್ಯ ಚಾಚಿದರೆ ಮೂಗು ಮುರಿಯುವ ಅಂಗಡಿಗಳು ನಮ್ಮಲ್ಲಿ ಇನ್ನೂ ಇವೆ. ‘ಇದರಲ್ಲಿ ಹದಿನೈದು ಗೆರೆ ಇದೆ, ನಡೆಯಲ್ಲ, ನೋಟು ಕೊಡಿ’ ಎಂಬ ಮಾತು ಬಸ್ಸಿನಲ್ಲೂ ಸಂತೆಯಲ್ಲೂ ಓಡಾಡಿದ್ದುಂಟು. ಕೊನೆಗೆ ರಿಸರ್ವ್ ಬ್ಯಾಂಕೇ 2018ರ ಜನವರಿಯಲ್ಲಿ ಪ್ರಕಟಣೆ ಹೊರಡಿಸಿ, ಹತ್ತರ ನಾಣ್ಯ ಅದುವರೆಗೆ 14 ವಿನ್ಯಾಸಗಳಲ್ಲಿ ಬಂದಿದೆ, ಅಷ್ಟೂ ಅಸಲಿ ಎಂದು ಹೇಳಬೇಕಾಯಿತು.

ಗೆರೆ ಎಣಿಸಿದವರ ಕಣ್ಣು ಚುರುಕಾಗಿಯೇ ಇತ್ತು. ಹಳೆಯ ವಿನ್ಯಾಸವೊಂದರಲ್ಲಿ ಅಂಕಿಯ ಮೇಲೆ ಹದಿನೈದು ಗೆರೆಗಳಿದ್ದವು, ರೂಪಾಯಿಯ ಚಿಹ್ನೆ ಇರಲಿಲ್ಲ. ಆ ಚಿಹ್ನೆಗೆ ಸರ್ಕಾರ ಒಪ್ಪಿಗೆ ಕೊಟ್ಟಿದ್ದೇ 2010ರಲ್ಲಿ. 2011ರ ಹೊಸ ಸರಣಿಯಲ್ಲಿ ಚಿಹ್ನೆ ಸೇರಿತು, ಗೆರೆಗಳು ಹತ್ತಕ್ಕೆ ಇಳಿದವು. ಕಂಡ ವ್ಯತ್ಯಾಸ ನಿಜವಾಗಿತ್ತು, ಅದರಿಂದ ಮಾಡಿಕೊಂಡ ತೀರ್ಮಾನ ತಪ್ಪಾಗಿತ್ತು.

ಇದಕ್ಕೆ ಉಲ್ಟಾ ಹೊಡೆಯುವ ಇನ್ನೊಂದು ತೀರ್ಮಾನ ಮೊಬೈಲಿನಲ್ಲಿ ಹರಿದಾಡುತ್ತದೆ: ‘ಈ ಚುಕ್ಕಿ ಇರುವ ನಾಣ್ಯ ನಿಮ್ಮ ಬಳಿ ಇದೆಯೇ? ನೀವು ಲಕ್ಷಾಧೀಶರು!’ ವ್ಯತ್ಯಾಸ ಕಂಡರೆ ಒಬ್ಬರಿಗೆ ಖೋಟಾ, ಇನ್ನೊಬ್ಬರಿಗೆ ಲಾಟರಿ. ನಾಣ್ಯ ಸಂಗ್ರಹಕ್ಕೆ ಹೊಸದಾಗಿ ಇಳಿದವರು ಮೊದಲು ಬಿಡಬೇಕಾದದ್ದು ಈ ಎರಡೂ ಅವಸರಗಳನ್ನು. ವ್ಯತ್ಯಾಸ ಕಂಡಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದು ಎಲ್ಲಿ, ಯಾವಾಗ, ಯಾಕೆ ಆಯಿತು?

ಇಸವಿಯ ಕೆಳಗೊಂದು ವಿಳಾಸ

‘ಎಲ್ಲಿ’ ಎಂಬುದಕ್ಕೆ ಉತ್ತರ ಬಹುಪಾಲು ಇಸವಿಯ ಕೆಳಗೇ ಇರುತ್ತದೆ. ಭಾರತದಲ್ಲಿ ನಾಣ್ಯ ಮುದ್ರಿಸುವ ಟಂಕಸಾಲೆಗಳು ನಾಲ್ಕು. ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬಯಿ, ಐದು ಮೂಲೆಯ ನಕ್ಷತ್ರ ಇದ್ದರೆ ಹೈದರಾಬಾದ್, ದುಂಡನೆಯ ಚುಕ್ಕಿ ಇದ್ದರೆ 1988ರಲ್ಲಿ ಶುರುವಾದ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಗುರುತು ಇಲ್ಲದಿರುವುದೂ ಇಲ್ಲಿ ಒಂದು ಗುರುತೇ. ಹಳೆಯ ಹೈದರಾಬಾದ್ ನಾಣ್ಯಗಳಲ್ಲಿ ನಕ್ಷತ್ರದ ಬದಲು ಸೀಳಿದ ವಜ್ರವೋ, ಒಳಗೆ ಚುಕ್ಕಿಯಿರುವ ವಜ್ರವೋ ಸಿಗುತ್ತದೆ.

ಆಕಾರದಷ್ಟೇ ಜಾಗವೂ ಮುಖ್ಯ. 1985ರಲ್ಲಿ ಚಿಲ್ಲರೆಯ ಅಭಾವ ನೀಗಿಸಲು ಸರ್ಕಾರ ಒಂದು ರೂಪಾಯಿ ನಾಣ್ಯಗಳನ್ನು ಬ್ರಿಟನ್ನಿನಲ್ಲೂ ಮುದ್ರಿಸಿಕೊಂಡಿತು. ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆಯಿಂದ ಬಂದವುಗಳ ಮೇಲೆ ಇಂಗ್ಲಿಷಿನ ‘ಎಚ್’ ಅಕ್ಷರವಿದೆ. ವೇಲ್ಸ್‌ನ ಲಾನ್‌ಟ್ರಿಸೆಂಟ್‌ನಿಂದ ಬಂದವುಗಳ ಮೇಲೆ ಇರುವುದು ಮುಂಬಯಿಯದೇ ಥರದ ವಜ್ರ. ಆದರೆ ಅದು ಇಸವಿಯ ನಡುಮಧ್ಯದಲ್ಲಿಲ್ಲ, ಮೊದಲ ಅಂಕಿ ಒಂದರ ಕೆಳಗೆ ಕೂತಿದೆ. ಬರೀ ಆಕಾರ ನೋಡಿದವರು ವೇಲ್ಸಿನ ನಾಣ್ಯವನ್ನು ಮುಂಬಯಿಯ ಲೆಕ್ಕಕ್ಕೆ ಹಾಕಿಬಿಡುತ್ತಾರೆ. 1990ರ ದಶಕದ ಕೊನೆಯಲ್ಲಿ ಮೆಕ್ಸಿಕೊ, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ, ರಷ್ಯಾದ ಮಾಸ್ಕೊಗಳಿಂದಲೂ ನಮ್ಮ ನಾಣ್ಯಗಳು ಬಂದವು. ಮೆಕ್ಸಿಕೊದ ಗುರುತು ‘ಎಂ’ ಅಕ್ಷರ, ಅದರ ತಲೆಯ ಮೇಲೆ ಪುಟ್ಟ ಸೊನ್ನೆ. ಪ್ರಿಟೋರಿಯಾದ್ದು ಸೊನ್ನೆಯೊಳಗೆ ‘ಎಂ’. ಮಾಸ್ಕೊದ ಐದು ರೂಪಾಯಿಯ ಮೇಲೆ ‘ಎಂಎಂಡಿ’ ಎಂಬ ಮೂರಕ್ಷರ.

ಹಂದಿಯಾದ ಆನೆ

‘ಯಾಕೆ’ ಎಂಬ ಪ್ರಶ್ನೆಗೆ 1911ರ ಬೆಳ್ಳಿ ರೂಪಾಯಿಗಿಂತ ಒಳ್ಳೆಯ ಉತ್ತರ ಸಿಗಲಾರದು. ಐದನೇ ಜಾರ್ಜ್ ತೊಟ್ಟ ನಿಲುವಂಗಿಯ ಮೇಲೆ ಪದಕಗಳ ಸರವಿದೆ, ಅದರಲ್ಲೊಂದು ಆನೆ. ಕೆತ್ತನೆಯಲ್ಲಿ ಸೊಂಡಿಲೂ ಕಾಲೂ ಗಿಡ್ಡವಾಗಿ ಬಂದು, ಆನೆ ನೋಡುವವರ ಕಣ್ಣಿಗೆ ಹಂದಿಯಾಗಿ ಕಂಡಿತು. ಮುಸ್ಲಿಮರೂ ಸೇರಿದಂತೆ ಜನರಿಂದ ಆಕ್ಷೇಪ ಎದ್ದಿತು. ಮುದ್ರಿಸಿದ್ದ ಸುಮಾರು 94 ಲಕ್ಷ ನಾಣ್ಯಗಳಲ್ಲಿ ಹೊರಗೆ ಬಂದದ್ದು ಸುಮಾರು ಏಳು ಲಕ್ಷ. ಉಳಿದವುಗಳನ್ನು ತಡೆಹಿಡಿದು ಕರಗಿಸಿದರು. 1912ರ ರೂಪಾಯಿಯಲ್ಲಿ ಸೊಂಡಿಲು ಉದ್ದವಾಯಿತು, ಕಿವಿ ಸ್ಪಷ್ಟವಾಯಿತು. ಎರಡೂ ನಾಣ್ಯಗಳನ್ನು ಅಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ಆ ಒಂದು ಪದಕವನ್ನಷ್ಟೇ ನೋಡಿದರೆ ಸಾಕು, ಆಡಳಿತವೊಂದು ಬೆಚ್ಚಿಬಿದ್ದ ಕಥೆ ಅಕ್ಕಿಕಾಳಿಗಿಂತ ಸಣ್ಣ ಜಾಗದಲ್ಲಿ ಕಾಣುತ್ತದೆ.

‘ಯಾವಾಗ’ ಎಂಬುದು ಕೆಲವೊಮ್ಮೆ ನಾಣ್ಯದ ಮೇಲಿನ ಇಸವಿಯನ್ನೇ ನಂಬಬೇಡಿ ಎನ್ನುತ್ತದೆ. ವಿಕ್ಟೋರಿಯಾ ರಾಣಿಯ 1840ರ ರೂಪಾಯಿಗಳಲ್ಲಿ ಎರಡು ಬಗೆ. ಒಂದರಲ್ಲಿ ಆಕೆಯ ಹೆಸರು ತಲೆಯ ಮೇಲಿಂದ ಒಂದೇ ಸಾಲಾಗಿ ಬಳಸಿ ಬರುತ್ತದೆ. ಇನ್ನೊಂದರಲ್ಲಿ ತಲೆ ನಡುವೆ ನುಗ್ಗಿ ಹೆಸರನ್ನು ಎರಡು ಹೋಳು ಮಾಡಿದೆ. ಎರಡರ ಮೇಲೂ ಇಸವಿ 1840 ಎಂದೇ ಇದ್ದರೂ ಎರಡನೆಯ ಬಗೆ ಬಂದದ್ದು ವರ್ಷಗಳ ನಂತರ. 1862 ಎಂಬ ಇಸವಿಯಂತೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ರೂಪಾಯಿಯ ಮೇಲೆ ಹಾಗೇ ಉಳಿಯಿತು. ಆ ಅವಧಿಯ ಮುಂಬಯಿ ರೂಪಾಯಿಗಳ ಮೇಲಿರುವ ಪುಟ್ಟ ಚುಕ್ಕಿಗಳನ್ನು ಎಣಿಸಿಯೇ ಸಂಗ್ರಾಹಕರು ಅವುಗಳ ಬಗೆಗಳನ್ನು ವಿಂಗಡಿಸುತ್ತಾರೆ.

ನಮ್ಮ ನೆಲದ ಆನೆಗಳೇನೂ ಕಮ್ಮಿಯಿಲ್ಲ. ಟಿಪ್ಪುವಿನ ತಾಮ್ರದ ಕಾಸುಗಳ ಒಂದು ಬದಿಯಲ್ಲಿ ಆನೆಯಿದ್ದರೆ ಇನ್ನೊಂದು ಬದಿಯಲ್ಲಿ ಟಂಕಸಾಲೆಯ ಹೆಸರಿದೆ: ಶ್ರೀರಂಗಪಟ್ಟಣಕ್ಕೆ ‘ಪಟನ್’, ಬಿದನೂರಿಗೆ ‘ನಗರ್’, ಚಿತ್ರದುರ್ಗಕ್ಕೆ ‘ಫರೂಕ್‌ಯಾಬ್ ಹಿಸಾರ್’. ಆನೆ ಎಡಕ್ಕೆ ನಡೆದಿದೆಯೋ ಬಲಕ್ಕೋ, ಬೆನ್ನ ಮೇಲೆ ಬಾವುಟ ಇದೆಯೋ ಇಲ್ಲವೋ, ಮೇಲ್ಗಡೆ ಅರಬ್ಬಿ ಅಕ್ಷರ ಇದೆಯೋ ನೋಡಬೇಕು. ಮೌಲೂದಿ ಶಕೆಯ ಇಸವಿಯ ಅಂಕಿಗಳನ್ನಂತೂ ಬಲದಿಂದ ಎಡಕ್ಕೆ ಓದಬೇಕು. ಕೈಯಲ್ಲಿ ಕೊರೆದ ಅಚ್ಚುಗಳಾದ್ದರಿಂದ ಇಲ್ಲಿನ ಬಗೆಗಳಿಗೆ ಕೊನೆಯೇ ಇಲ್ಲ. ಜೆ.ಆರ್. ಹೆಂಡರ್‌ಸನ್ 1921ರಲ್ಲಿ ಹೊರತಂದ ಹೈದರ್-ಟಿಪ್ಪು ನಾಣ್ಯಗಳ ಪಟ್ಟಿಯ ನೆರವು ಸಂಗ್ರಾಹಕರಿಗೆ ಇಂದಿಗೂ ಬೇಕು. ಹೊಸಬರು ಮಾತ್ರ ಇಲ್ಲಿಂದ ಶುರು ಮಾಡದಿರುವುದು ಒಳ್ಳೆಯದು. ಓದಲು ಕಷ್ಟ, ಜೊತೆಗೆ ನಕಲಿಗಳ ಕಾಟ.

ಅಚ್ಚಿನದೋ, ಪೆಟ್ಟಿನದೋ?

ಕಣ್ಣಿಗೆ ಬಿದ್ದ ಚುಕ್ಕಿ ಟಂಕಸಾಲೆಯದೇ ಎಂದು ತಿಳಿಯುವುದು ಹೇಗೆ? ಅಚ್ಚಿನಲ್ಲಿ ಕೊರೆದದ್ದು ನಾಣ್ಯದ ಮೇಲೆ ಉಬ್ಬಿ ನಿಲ್ಲುತ್ತದೆ. ನೆಲಕ್ಕೆ ಬಿದ್ದೋ ಬೀಗದ ಕೈಗೆ ಉಜ್ಜಿಯೋ ಆದ ಗಾಯ ಒಳಕ್ಕೆ ತಗ್ಗಾಗಿರುತ್ತದೆ. ಬೆಳಕನ್ನು ಓರೆಯಾಗಿ ಬಿಟ್ಟು ನಾಣ್ಯವನ್ನು ಮೆಲ್ಲಗೆ ತಿರುಗಿಸಿದರೆ ಉಬ್ಬು ಯಾವುದು, ತಗ್ಗು ಯಾವುದು ಎಂಬುದು ನೆರಳಿನಲ್ಲೇ ಗೊತ್ತಾಗುತ್ತದೆ. ಎರಡನೆಯ ಪರೀಕ್ಷೆ: ಅದೇ ಗುರುತು ಅದೇ ಜಾಗದಲ್ಲಿ ಬೇರೆ ನಾಣ್ಯಗಳಲ್ಲೂ ಇದೆಯೇ? ಇದ್ದರೆ ಅದು ಅಚ್ಚಿನದು. ಒಂದರಲ್ಲಿ ಮಾತ್ರ ಇದ್ದರೆ ಮುದ್ರಿಸುವಾಗ ಆದ ತಪ್ಪಿರಬಹುದು, ಅಂಥದ್ದನ್ನು ‘ಎರರ್’ ಎಂದು ಬೇರೆಯಾಗಿ ಇಡುತ್ತಾರೆ. ಬಹುತೇಕ ಸಲ ಅದು ಬರೀ ಸವಕಳಿ. ಸವೆದ ನಕ್ಷತ್ರ ಚುಕ್ಕಿಯಂತೆ ಕಾಣುತ್ತದೆ, ಸವೆದ ವಜ್ರವೂ ಅಷ್ಟೇ. ಅನುಮಾನ ಬಂದರೆ ಹೆಚ್ಚು ಸ್ಪಷ್ಟವಾದ ಇನ್ನೊಂದು ನಾಣ್ಯ ಸಿಗುವವರೆಗೆ ಕಾಯಿರಿ.

ಅಂಚನ್ನು ಮರೆಯಬೇಡಿ. ದಪ್ಪನೆಯ ಹಳೆಯ ಐದು ರೂಪಾಯಿಗಳಲ್ಲಿ ಕೆಲವಕ್ಕೆ ಅಂಚಿನ ಸುತ್ತ ಬರೀ ಗೀರುಗಳಿವೆ, ಕೆಲವಕ್ಕೆ ನಡುವೆ ತೋಡು ತೆಗೆದು ಅದರೊಳಗೆ ವಿನ್ಯಾಸ ಕೊರೆದಿದೆ. ಆಲ್ಬಮ್ಮಿಗೆ ಸೇರಿದ ಮೇಲೆ ಅಂಚು ಕಣ್ಣಿಗೆ ಬೀಳುವುದಿಲ್ಲ, ಮೊದಲೇ ನೋಡಿ ಬರೆದಿಡಬೇಕು.

ಸಾಮಾನು ಹೆಚ್ಚೇನೂ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮೇಜಿನ ದೀಪ, ಒಂದು ನೋಟ್‌ಪುಸ್ತಕ ಸಾಕು. ನಾಣ್ಯವನ್ನು ಅಂಚು ಹಿಡಿದೇ ಎತ್ತಿ. ಹುಣಸೆಹಣ್ಣು, ಬೂದಿ, ಪಾತ್ರೆಪುಡಿ ಯಾವುದರಿಂದಲೂ ತಿಕ್ಕಬೇಡಿ. ತಿಕ್ಕಿದರೆ ಹೊಳಪು ಬಂದೀತು, ನೀವು ಹುಡುಕುತ್ತಿರುವ ಸೂಕ್ಷ್ಮ ಗೆರೆಗಳೇ ಹೋಗುತ್ತವೆ, ಬೆಲೆಯೂ ಬೀಳುತ್ತದೆ. ಹಳೆಯ ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರು ಹೇಳಿ ಶುಲ್ಕ, ಕಮಿಷನ್ ಕೇಳುವ ವಂಚಕರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ. ಲಕ್ಷದ ಆಸೆ ಹುಟ್ಟಿದಾಗಲೆಲ್ಲ ಅದನ್ನು ನೆನೆಯಿರಿ.

ಎಲ್ಲವನ್ನೂ ಕೂಡಿಡಲು ಹೊರಟರೆ ಯಾವುದೂ ಕಣ್ಣಿಗೆ ಪಳಗುವುದಿಲ್ಲ. ಒಂದು ಮೌಲ್ಯ, ಒಂದು ಸರಣಿ ಆರಿಸಿಕೊಳ್ಳಿ. 2011ರಿಂದ ಈಚಿನ ಒಂದು ರೂಪಾಯಿಯಾದರೆ ಮನೆಯ ಡಬ್ಬಿಯಲ್ಲೇ ಸಿಗುತ್ತದೆ. ಪುಸ್ತಕದಲ್ಲಿ ಮನೆಗಳನ್ನು ಎಳೆಯಿರಿ: ಉದ್ದಕ್ಕೆ ಇಸವಿ, ಅಡ್ಡಕ್ಕೆ ನಾಲ್ಕು ಟಂಕಸಾಲೆ. ಪ್ರತಿ ನಾಣ್ಯವನ್ನೂ ಒಂದೇ ಕ್ರಮದಲ್ಲಿ ನೋಡಿ: ಇಸವಿ, ಅದರ ಕೆಳಗಿನ ಗುರುತು, ಅಂಕಿಯ ಆಕಾರ, ಸಿಂಹಲಾಂಛನ, ಅಂಚು. ಕೆಲವು ಮನೆಗಳು ಬೇಗ ತುಂಬುತ್ತವೆ, ಕೆಲವು ಖಾಲಿ ಉಳಿಯುತ್ತವೆ. ಖಾಲಿ ಮನೆಯ ಅರ್ಥ ಆ ನಾಣ್ಯ ನಿಮಗೆ ಸಿಕ್ಕಿಲ್ಲವೆಂದೋ, ಆ ವರ್ಷ ಆ ಟಂಕಸಾಲೆ ಅದನ್ನು ಮುದ್ರಿಸಿಯೇ ಇಲ್ಲವೆಂದೋ? ಅದನ್ನು ಕ್ಯಾಟಲಾಗಿನಲ್ಲಿ ಹುಡುಕಲು ಕೂತ ದಿನ, ಚಿಲ್ಲರೆ ಕೂಡಿಡುವವರು ನಾಣ್ಯ ಓದುವವರಾಗಿರುತ್ತಾರೆ.