ಐವತ್ತು ಪೈಸೆಯ ಉಪ್ಪು, ದರವಿಲ್ಲದ ಕೊರೊನಾ

ಜಮಖಂಡಿ ತಾಲ್ಲೂಕಿನ ಹೊಳೆದಂಡೆಯ ಊರೊಂದಕ್ಕೆ ನಾನು ಹೋದದ್ದು 2019ರ ಆಗಸ್ಟ್ ಪ್ರವಾಹದ ಕಥೆ ಕೇಳಲು. ಕೇಳಿಸಿಕೊಂಡು ಬಂದದ್ದು ಮರುವರ್ಷದ ಕಥೆಯನ್ನು. ಕೃಷ್ಣೆ ಮನೆಯೊಳಗೆ ಎಷ್ಟು ಎತ್ತರ ಬಂದಿದ್ದಳೆಂದು ಗೋಡೆಯ ಮೇಲಿನ ಗೆರೆ ತೋರಿಸುತ್ತಿದ್ದ ಆಶಾ ಕಾರ್ಯಕರ್ತೆಯೊಬ್ಬರು, ನೆರೆಯ ಪಟ್ಟಿ ಹುಡುಕಲು ಟ್ರಂಕು ತೆರೆದರು. ಅದರಲ್ಲಿ ಸಿಕ್ಕಿದ್ದು 2020ರ ಡೈರಿ. ‘ಇದು ಬ್ಯಾರೆ ಐತ್ರಿ, ಕೊರೊನಾದ್ದು’ ಎಂದು ಒಳಗಿಡಲು ಹೊರಟವರನ್ನು ತಡೆದೆ. ಅಂದಿನಿಂದ ಆ ಡೈರಿ ನನ್ನ ತಲೆಯಿಂದ ಇಳಿದಿಲ್ಲ.

ಸ್ಕೇಲಿನಿಂದ ಎಳೆದ ಗೆರೆಗಳು. ಮನೆಯ ಯಜಮಾನರ ಹೆಸರು, ಬಂದವರೆಷ್ಟು, ಎಲ್ಲಿಂದ. ಗೋವಾ, ಮಂಗಳೂರು, ಪುಣೆ, ಸಾಂಗ್ಲಿ. ಮುಂದೆ ಹದಿನಾಲ್ಕು ಚೌಕ. ಹೋಗಿ ನೋಡಿಬಂದ ದಿನಕ್ಕೊಂದು ಗುರುತು. ಒಂದು ಮನೆಯ ಸಾಲು ಹನ್ನೊಂದನೆಯ ಚೌಕಕ್ಕೆ ನಿಂತಿದೆ. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ‘ತ್ವಾಟಕ್ಕ ಹೋಗ್ಯಾರ’. ಮುಂದಿನ ಪುಟದಲ್ಲಿ ಅದೇ ಮನೆ, ಹೊಸ ಸಾಲು, ಮತ್ತೆ ಒಂದರಿಂದ ಎಣಿಕೆ. ತೋಟವೆಂದರೆ ಊರಿನಿಂದ ಎಷ್ಟು ದೂರ ಎಂದು ಕೇಳಿದೆ. ಆಕೆ ಕಬ್ಬಿನ ಕಡೆ ಕೈ ಮಾಡಿದರು. ಅಲ್ಲಿ ಕಬ್ಬಿನ ಹೊರತು ಏನೂ ಕಾಣುತ್ತಿರಲಿಲ್ಲ.

ಡೈರಿಯ ಹಿಂದಿನ ರಟ್ಟಿನೊಳಗೆ ಪ್ರೋತ್ಸಾಹಧನದ ಕ್ಲೇಮ್ ಫಾರ್ಮಿತ್ತು. ಆಶಾ ಕಾರ್ಯಕರ್ತೆಯರಿಗೆ ಸಂಬಳವಿಲ್ಲ, ಕೆಲಸಕ್ಕೊಂದು ದರವಿದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಆ ದರಗಳನ್ನು ಖಾನಾವಳಿಯ ಬೋರ್ಡಿನಂತೆ ಒಂದರ ಕೆಳಗೊಂದು ಓದಿದಾಗ ಆಗುವ ಅನುಭವವೇ ಬೇರೆ. ಬಾಣಂತಿ ಮತ್ತು ಹಸುಗೂಸನ್ನು ನಲವತ್ತೆರಡು ದಿನದವರೆಗೆ ಮನೆಗೆ ಹೋಗಿ ನೋಡಿಕೊಂಡರೆ ಒಟ್ಟು 250 ರೂಪಾಯಿ. ವರ್ಷದೊಳಗಿನ ಮಗುವಿಗೆ ಎಲ್ಲ ಲಸಿಕೆ ಹಾಕಿಸಿದರೆ 100. ಅಂಗವಿಕಲತೆ ಬರುವ ಮೊದಲೇ ಕುಷ್ಠರೋಗಿಯನ್ನು ಪತ್ತೆ ಹಚ್ಚಿದರೆ 250. ಅಯೋಡಿನ್ ಕೊರತೆಯ ಜಿಲ್ಲೆಗಳಲ್ಲಿ ತಿಂಗಳಿಗೆ ಐವತ್ತು ಮನೆಗಳ ಉಪ್ಪು ಪರೀಕ್ಷಿಸಿದರೆ 25 ರೂಪಾಯಿ.

ಈ ಉಪ್ಪಿನ ಲೆಕ್ಕ ನನ್ನನ್ನು ಹಿಡಿದುಬಿಟ್ಟಿತು. ಮನೆಯೊಂದಕ್ಕೆ ಐವತ್ತು ಪೈಸೆ. 1962ರಲ್ಲಿ ಗಳಗಂಡ ನಿಯಂತ್ರಣವೆಂದು ಶುರುವಾಗಿ 1992ರಲ್ಲಿ ಹೆಸರು ಬದಲಿಸಿಕೊಂಡ ರಾಷ್ಟ್ರೀಯ ಕಾರ್ಯಕ್ರಮ ಕೊನೆಗೆ ಬಂದು ನಿಲ್ಲುವುದು ಈ ಐವತ್ತು ಪೈಸೆಯ ಮೇಲೆ. ಚಿಟಿಕೆ ಉಪ್ಪಿನ ಮೇಲೆ ಪಿಷ್ಟದ ದ್ರಾವಣದ ಹನಿ ಬಿಟ್ಟರೆ, ಅಯೋಡಿನ್ ಇದ್ದಲ್ಲಿ ಉಪ್ಪು ನೀಲಿಗೆ ತಿರುಗುತ್ತದೆ. ಆ ಬಣ್ಣವನ್ನು ಪೆಟ್ಟಿಗೆಯ ಮೇಲಿನ ಪಟ್ಟಿಗೆ ಹಿಡಿದು ನೋಡಿ ಬರೆದುಕೊಳ್ಳಬೇಕು. ಕೇಳಲು ಸುಲಭ. ಆದರೆ ನಮ್ಮ ಕಡೆ ಉಪ್ಪಿನಕಾಯಿಗೆ, ರೊಟ್ಟಿ ಜೊತೆಯ ಖಾರಕ್ಕೆ ಹರಳುಪ್ಪೇ ಬೇಕು. ಆಶಾ ಬಂದಳೆಂದರೆ ಹರಳುಪ್ಪಿನ ಭರಣಿ ಒಲೆಯ ಹಿಂದೆ ಸರಿದು, ಪಾಕೀಟಿನ ಉಪ್ಪು ಮುಂದೆ ಬರುತ್ತದೆ. ಅದನ್ನು ಗೊತ್ತಿದ್ದೂ ಗೊತ್ತಿಲ್ಲದಂತೆ ಕುಳಿತು, ಚಹಾ ಕುಡಿದು, ಸೊಸೆಯ ತಿಂಗಳು ತಪ್ಪಿದ್ದನ್ನು ಅತ್ತೆಯ ಬಾಯಿಂದಲೇ ಹೊರಡಿಸಿ, ಏಳುವ ಹೊತ್ತಿಗೆ ‘ಆ ಭರಣ್ಯಾಗಿಂದೂ ಒಂದೀಟು ಕೊಡ್ರಿ’ ಎನ್ನಬೇಕು. ಆಕೆ ಇದನ್ನು ಅಭಿನಯಿಸಿಯೇ ತೋರಿಸಿದರು. ಅಡುಗೆಮನೆಯವರೆಗೆ ಹೋಗುವ ಈ ಸಲಿಗೆಗೆ ಫಾರ್ಮಿನಲ್ಲಿ ಕಾಲಂ ಇಲ್ಲ.

2020ರಲ್ಲಿ ಸರ್ಕಾರ ಬಳಸಿಕೊಂಡದ್ದು ಈ ಸಲಿಗೆಯನ್ನೇ ಎಂಬುದು ನನ್ನ ಅಭಿಪ್ರಾಯ. ಹೊರಗಿನಿಂದ ಯಾರು ಬಂದಿದ್ದಾರೆ, ಯಾರಿಗೆ ಜ್ವರ, ಯಾರ ಮನೆಯಲ್ಲಿ ಸಕ್ಕರೆ ಕಾಯಿಲೆಯ ಮುದುಕರಿದ್ದಾರೆ ಎಂಬುದನ್ನು ಆಕೆಯಷ್ಟು ಬೇಗ ತಿಳಿಯಬಲ್ಲವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಹಾಗೆ ತಿಳಿದದ್ದು ಪಟ್ಟಿಯಾಯಿತು. ಪಟ್ಟಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಪಂಚಾಯಿತಿ ಕಾರ್ಯಪಡೆಗೆ, ಪೊಲೀಸರಿಗೆ ಹೋಯಿತು. ಬಾಗಿಲಿಗೆ ಕ್ವಾರಂಟೈನ್ ಚೀಟಿ ಬಿತ್ತು. ಚೀಟಿ ಬಿದ್ದ ಮನೆಗೆ ಹಾಲು ಕೊಡುವವರೂ ಹಿಂಜರಿದರು. ಆ ಸಿಟ್ಟೆಲ್ಲ ತಿರುಗಿದ್ದು ಪಟ್ಟಿ ಬರೆದವಳ ಕಡೆಗೆ. ‘ಬ್ಯಾನಿಗಿ ಅಂಜಲಿಲ್ರಿ. ಎದುರಿಗೆ ಬಂದ್ರ ಮಾರಿ ತಿರುವತಿದ್ರಲ್ಲ, ಅದು ಇನ್ನೂ ಹೋಗವಲ್ದು’ ಎಂದರು. ಹನ್ನೊಂದನೆಯ ದಿನ ತೋಟಕ್ಕೆ ಹೋದ ಮನೆಯವರು ಈಕೆಯ ದೂರದ ಬೀಗರು. ಅವರ ಮನೆಯ ಮುಂದಿನ ಮದುವೆಗೆ ಕರೆ ಬರಲಿಲ್ಲವಂತೆ.

ಪತ್ರಿಕೆಗಳ ಹಳೆಯ ತುಣುಕುಗಳಲ್ಲಿ ಇದು ಸಿಗುವುದಿಲ್ಲ. ಸಿಗುವುದು ಇಷ್ಟು: 2020ರ ಮಾರ್ಚ್ 22ರ ಚಪ್ಪಾಳೆ, ಮೇ 3ರಂದು ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂವು. ಆ ಏಪ್ರಿಲ್‌ನಲ್ಲಿ ಬೆಂಗಳೂರಿನ ಹೆಗಡೆ ನಗರದ ಬಳಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆ, ಪಾದರಾಯನಪುರದ ಗಲಾಟೆ, ತಿಂಗಳ ಕೊನೆಯೊಳಗೆ ಏಳು ವರ್ಷದವರೆಗೆ ಶಿಕ್ಷೆ ವಿಧಿಸಬಹುದಾದ ಕೇಂದ್ರದ ಸುಗ್ರೀವಾಜ್ಞೆ. ಕೋವಿಡ್‌ನಿಂದ ಸತ್ತರೆ 50 ಲಕ್ಷ ರೂಪಾಯಿ ವಿಮೆ. ಕೋವಿಡ್ ಕೆಲಸಕ್ಕೆ ಕೇಂದ್ರದಿಂದ ತಿಂಗಳಿಗೆ ಹೆಚ್ಚುವರಿ 1,000, ಅಂದರೆ ದಿನಕ್ಕೆ ಸುಮಾರು 33 ರೂಪಾಯಿ. ರಾಜ್ಯದ ನಿಶ್ಚಿತ ಗೌರವಧನ ಆಗ 4,000. ಸಹಕಾರ ಸಂಘಗಳ ದುಡ್ಡಿನಲ್ಲಿ ಒಂದು ಸಲ 3,000 ರೂಪಾಯಿ ಚೆಕ್ಕು ಹಂಚಿದರು. ಜುಲೈ 10ರಿಂದ ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು 12,000 ರೂಪಾಯಿ ಖಾತ್ರಿ ವೇತನ ಮತ್ತು ಸುರಕ್ಷತಾ ಸಾಮಗ್ರಿ ಕೇಳಿ ಕೆಲಸ ನಿಲ್ಲಿಸಿದರು. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಶಸ್ತಿಯೂ ಬಂತು. ಪ್ರಶಸ್ತಿಯ ಸುದ್ದಿ ಈಕೆಗೆ ಗೊತ್ತಾದದ್ದು ಮಗಳ ಮೊಬೈಲಿನಲ್ಲಿ.

ಜಮಖಂಡಿ, ಮುಧೋಳ, ರಬಕವಿ–ಬನಹಟ್ಟಿ, ಬೀಳಗಿ ಈ ನಾಲ್ಕು ತಾಲ್ಲೂಕುಗಳಿಗೆ ಒಂದೇ ಸುತ್ತೋಲೆ ಬಂದರೂ ಕೆಲಸ ಒಂದೇ ತರಹ ಇರಲಿಲ್ಲ. ಜಮಖಂಡಿ, ಮುಧೋಳದ ನೀರಾವರಿ ಸೀಮೆಯಲ್ಲಿ ಅರ್ಧ ಊರು ತೋಟದ ವಸ್ತಿಗಳಲ್ಲಿರುತ್ತದೆ. ಸಾವಿರ ಜನಕ್ಕೊಬ್ಬ ಆಶಾ ಎಂಬ ನಿಯಮ ಜನವನ್ನು ಎಣಿಸುತ್ತದೆ, ಹೊಲದ ಬದುವನ್ನು ಎಣಿಸುವುದಿಲ್ಲ. ರಬಕವಿ–ಬನಹಟ್ಟಿಯದು ಇದರ ತದ್ವಿರುದ್ಧ. ನೇಕಾರರ ಓಣಿಯಲ್ಲಿ ಮನೆಗೆ ಮನೆ ಅಂಟಿಕೊಂಡು, ಮಗ್ಗವೇ ಪಡಸಾಲೆಯನ್ನು ತುಂಬಿರುವಲ್ಲಿ ‘ಪ್ರತ್ಯೇಕ ಕೋಣೆ, ಪ್ರತ್ಯೇಕ ಶೌಚಾಲಯ’ ಎಂದು ಹೇಳಬೇಕಾಗಿತ್ತು. ಬೀಳಗಿಯಲ್ಲಿ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಕುಟುಂಬಗಳಿವೆ. ದುಡಿಯಲು ಹೊರಗೆ ಹೋದವರು ಲಾಕ್‌ಡೌನ್‌ನಲ್ಲಿ ಮರಳಿದಾಗ ಹುಡುಕಬೇಕಾದದ್ದು ಎರಡೆರಡು ವಿಳಾಸಗಳಲ್ಲಿ.

ಇನ್ನೊಂದು ಹೊರೆ ಗಡಿಯದು. ಜಡ್ಡು ಜೋರಾದರೆ ಈ ಭಾಗದವರ ಕಾಲು ಮಹಾರಾಷ್ಟ್ರದ ಮಿರಜದ ಕಡೆ ತಿರುಗುತ್ತದೆ. 1894ರಲ್ಲಿ ವಾನ್ಲೆಸ್ ಎಂಬ ಮಿಷನರಿ ವೈದ್ಯ ಅಲ್ಲಿ ಆಸ್ಪತ್ರೆ ಕಟ್ಟಿದ ಮೇಲೆ ಬೆಳೆದ ರೂಢಿ ಇದು. ಹಿಂದೆ ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗ್ಲಿ ಸಂಸ್ಥಾನದ್ದು, ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯದು. ಇಷ್ಟು ಗಡಿಗಳಿದ್ದ ಕಾಲದಲ್ಲೂ ನಡೆದುಕೊಂಡು ಬಂದ ದಾರಿ 2020ರಲ್ಲಿ ಬಂದಾಯಿತು. ಮಿರಜದಲ್ಲಿ ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದವರ ಮನೆಯವರು ಮೊದಲು ಬಂದು ನಿಂತದ್ದು ಆಶಾಳ ಬಾಗಿಲಿಗೆ. ಪಾಸು ಕೊಡುವ ಅಧಿಕಾರ ಆಕೆಗಿರಲಿಲ್ಲ, ಇಲ್ಲ ಎಂದು ಕೈ ಆಡಿಸುವಂತೆಯೂ ಇರಲಿಲ್ಲ.

ಉದ್ಯೋಗದ ಒತ್ತಡವನ್ನು ಅಳೆಯುವವರ ಬಳಿ ಎರಡು ಪ್ರಸಿದ್ಧ ಅಳತೆಗೋಲುಗಳಿವೆ. ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲಿ ಹೇಳಿದ್ದು: ಬೇಡಿಕೆ ಹೆಚ್ಚಿದ್ದು, ಕೆಲಸದ ಮೇಲೆ ಹಿಡಿತ ಕಡಿಮೆಯಿದ್ದರೆ ಮನುಷ್ಯ ಬಳಲುತ್ತಾನೆ. ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಹೇಳಿದ್ದು: ಪಟ್ಟ ಶ್ರಮಕ್ಕೂ ಸಿಕ್ಕ ಪ್ರತಿಫಲಕ್ಕೂ ತಾಳೆಯಾಗದಿದ್ದರೆ ದೇಹ, ಮನಸ್ಸು ಎರಡೂ ಕೆಡುತ್ತವೆ. ಎರಡೂ ಸರಿಯೇ. 2020ರ ಆಗಸ್ಟ್‌ನಲ್ಲಿ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿ ಡಾ. ಎಸ್. ಆರ್. ನಾಗೇಂದ್ರ ತೀರಿಕೊಂಡಾಗ, ಪರೀಕ್ಷೆಗಳ ಗುರಿ ಮುಟ್ಟಿಸುವ ಒತ್ತಡವೇ ಕಾರಣವೆಂದು ವೈದ್ಯರು ಪ್ರತಿಭಟಿಸಿದರು. ಸೆಪ್ಟೆಂಬರ್‌ನಲ್ಲಿ ಗುತ್ತಿಗೆ, ಹೊರಗುತ್ತಿಗೆಯ ಆರೋಗ್ಯ ಸಿಬ್ಬಂದಿ ಮುಷ್ಕರಕ್ಕಿಳಿದರು. ಕರಾಸೆಕ್, ಸೀಗ್ರಿಸ್ಟರ ಲೆಕ್ಕಕ್ಕೆ ಇವೆಲ್ಲ ಸಿಗುತ್ತವೆ. ಆದರೆ ಪ್ರಶ್ನಾವಳಿ ಹಿಡಿದು ಒತ್ತಡಕ್ಕೆ ಅಂಕ ಕೊಡುವ ಪದ್ಧತಿಯ ಬಗ್ಗೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಪಾಳಿ ಮುಗಿಸಿ ಊರು ಬಿಟ್ಟು ಮನೆಗೆ ಹೋಗುವ ಸಿಬ್ಬಂದಿಗೆ ಆ ಪ್ರಶ್ನೆಗಳು ಹೊಂದುತ್ತವೆ. ಆಶಾಳ ಪಾಳಿಯ ಊರೂ ಮನೆಯ ಊರೂ ಒಂದೇ. ತಾನು ದೂರು ಕೊಟ್ಟ ಜನರ ಜೊತೆಗೇ ಈಕೆ ನಳದ ನೀರಿಗೆ ನಿಲ್ಲಬೇಕು.

ಆಶಾಳ ದರಪಟ್ಟಿಯೂ ತುಂಡುಗೂಲಿಯೇ; ಅದು ಏನೆಂದು ಬನಹಟ್ಟಿಯ ಯಾವ ನೇಕಾರನಿಗೂ ಕಲಿಸಬೇಕಿಲ್ಲ. ಸೀರೆಗೆ ಇಷ್ಟು ಮಜೂರಿ, ಕರೆಂಟು ಹೋದರೆ ಆ ಹೊತ್ತಿನದು ಸೊನ್ನೆ. ಆದರೆ ನೇಯ್ದ ಸೀರೆಯನ್ನು ಮಾಲೀಕನ ಮುಂದೆ ಮಡಚಿ ಇಡಬಹುದು. ಹನ್ನೆರಡನೆಯ ದಿನವೂ ತೋಟದವರೆಗೆ ನಡೆದು ಹೋಗಿ ಒಬ್ಬನನ್ನು ಸಂತೆಗೆ ಹೋಗದಂತೆ ತಡೆದದ್ದನ್ನು ಯಾರ ಮುಂದೆ ಇಡುವುದು? ಮುಟ್ಟಿದ್ದಕ್ಕೆ, ಚುಚ್ಚಿದ್ದಕ್ಕೆ, ಕರೆತಂದದ್ದಕ್ಕೆ ದರ ಕಟ್ಟುವ ಪದ್ಧತಿಗೆ, ಆಗದೇ ಉಳಿದ ಅನಾಹುತ ಕಾಣಿಸುವುದಿಲ್ಲ.

2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಧರಣಿಯ ನಂತರ ಮುಖ್ಯಮಂತ್ರಿ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಕೊಟ್ಟರು. ಆದರೆ ಪ್ರೋತ್ಸಾಹಧನವನ್ನೂ ಅದರೊಳಗೇ ಸೇರಿಸುವ ಲೆಕ್ಕವದು. ಹಣ ನಿಶ್ಚಿತವಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ಬೇಡಿಕೆ ಇನ್ನೊಂದಿದೆ, ಅದಕ್ಕೆ ಖರ್ಚು ಹೆಚ್ಚಿಲ್ಲ. ಮುಂದಿನ ಸಾಂಕ್ರಾಮಿಕದಲ್ಲಿ ಪೊಲೀಸರಿಗೆ ಹೋಗುವ ಪಟ್ಟಿಯನ್ನು ಆಶಾ ಬರೆಯಬಾರದು. ಬಾಗಿಲಿಗೆ ಚೀಟಿ ಅಂಟಿಸುವ ಕೆಲಸ ಪಂಚಾಯಿತಿಯದೋ ಕಂದಾಯ ಇಲಾಖೆಯದೋ ಆಗಲಿ. ವರ್ಗಾವಣೆಯಾಗಿ ಬೇರೆ ಊರಿಗೆ ಹೋಗಬಲ್ಲವರು ಆ ಸಿಟ್ಟನ್ನು ಹೊರಲಿ. ಆಶಾ ಗುಳಿಗೆ, ಗಂಜಿಯ ಸಲಹೆ ಹೊತ್ತು ಬರುವವಳಾಗಿಯೇ ಉಳಿಯಬೇಕು. ಜ್ವರವನ್ನು ಜನ ಮುಚ್ಚಿಡಲು ಶುರುಮಾಡಿದ ದಿನ ಯಾವ ಸಮೀಕ್ಷೆಯೂ ಉಪಯೋಗಕ್ಕೆ ಬರುವುದಿಲ್ಲ.